ಗಾದಿಲಿಂಗನ ತೂಕ

ಊರಿನ ಕೂಸುಗಳ ತೂಕವೆಲ್ಲ ಅನ್ನದಾನಮ್ಮನಿಗೆ ಬಾಯಿಪಾಠ. ಯಾರ ಮಗಳು ಎಷ್ಟು ಕೆಜಿ, ಯಾರ ಮಗ ಯಾವ ತಿಂಗಳು ತೂಕದ ಕಾರ್ಡಿನ ಹಳದಿ ಪಟ್ಟಿಗೆ ಬಿದ್ದು ಯಾವ ತಿಂಗಳು ಹಸಿರಿಗೆ ಎದ್ದ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಬಾಗಳಿ ಕಡೆಯಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿರುವ ಆ ಊರಿನ ಅಂಗನವಾಡಿಯಲ್ಲಿ ಆಕೆ ಹತ್ತೊಂಬತ್ತು ವರ್ಷದಿಂದ ಟೀಚರು. ಆರು ತಿಂಗಳು ತುಂಬಿದ ಕೂಸುಗಳ ತಾಯಂದಿರನ್ನು ಸಾಲಾಗಿ ಕೂರಿಸಿ, ಬಟ್ಟಲಲ್ಲಿ ಅನ್ನ ಬೇಳೆ ಕಿವುಚಿ, ಚಮಚ ಬಗ್ಗಿಸಿ ತೋರಿಸುತ್ತಿದ್ದಳು.

"ಹಿಂಗ ಬಗ್ಗಿಸಿದ್ರೂ ಜಾರಿ ಬೀಳಬಾರ್ದು. ಜಾರಿ ಬಿತ್ತಂದ್ರ ಅದು ಊಟ ಅಲ್ಲ, ನೀರು. ನೀರು ಕುಡಿಸಿ ಕೂಸು ಬೆಳಸ್ತೀರೇನು?"

ಮೂರು ವರ್ಷದಿಂದ ಅವಳ ಕೇಂದ್ರದಲ್ಲಿ ಕೆಂಪು ಗೆರೆಯ ಕೆಳಗೆ ಒಂದು ಮಗುವೂ ಇರಲಿಲ್ಲ. ತಾಲೂಕಿನ ಸಭೆಯಲ್ಲಿ ಶಾಲು ಹೊದಿಸಿದ್ದರು. ಆ ಫೋಟೋಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಳು, ಬಂದವರಿಗೆ ಮೊದಲು ಕಾಣುವುದೇ ಅದು.

ಅಂಥ ಅನ್ನದಾನಮ್ಮನ ಸ್ವಂತ ಮೊಮ್ಮಗ ಗಾದಿಲಿಂಗ ಹನ್ನೊಂದು ತಿಂಗಳಾದರೂ ಒಂದು ಅಗುಳು ಅನ್ನ ಕಂಡಿರಲಿಲ್ಲ.

ಅದಕ್ಕೆ ಕಾರಣ ಮನೆಯ ಪದ್ಧತಿ. ಆ ಮನೆಯ ಕೂಸಿಗೆ ಮೊದಲ ತುತ್ತನ್ನು ಹಿರಿಯ ಗಂಡಸು ಕೊಟ್ಟೂರಿನ ಗುಡಿಯಲ್ಲಿ ಕೂತು ಪ್ರಸಾದದಿಂದ ತಿನ್ನಿಸಬೇಕು. ಅಲ್ಲಿಯವರೆಗೆ ತಾಯಿಯ ಹಾಲು, ಗಂಜಿಯ ತಿಳಿ, ಬೇಳೆಯ ಕಟ್ಟು, ಅಷ್ಟೇ. ಗಾದಿಗೆ ಆ ತುತ್ತು ಇಡಬೇಕಾಗಿದ್ದವನು ಮುತ್ತಜ್ಜ ಬೆನಕಪ್ಪ. ಕೂಸಿಗೆ ಐದು ತಿಂಗಳಾದಾಗ ಬೆನಕಪ್ಪ ತೀರಿಕೊಂಡ. ಮನೆಗೆ ಹಿರಿಯನಾದ ಶಿವಯೋಗಪ್ಪ, ಅನ್ನದಾನಮ್ಮನ ಗಂಡ, ಅಪ್ಪನ ವರ್ಷ ತುಂಬುವ ತನಕ ಗುಡಿಯ ಹೊಸ್ತಿಲು ದಾಟುವುದಿಲ್ಲ ಎಂದುಬಿಟ್ಟ. ಲಿಂಗವಂತರಿಗೆ ಸೂತಕವಿಲ್ಲ ಎಂದು ಸ್ವಾಮಿಗಳು ಹೇಳಿದಾಗ ಮೊದಲು ತಲೆದೂಗುವವನು ಅವನೇ. ಮನೆಗೆ ಬಂದರೆ ಬೇರೆ ಲೆಕ್ಕ.

ಕೂಸಿನ ತಾಯಿ ಗೀತಾಂಜಲಿ ಹಿರೇಹಡಗಲಿಯವಳು, ಪಿಯುಸಿ ಓದಿದವಳು. ಅವಳಿಗೆ ಮೊದಮೊದಲು ಇದು ಸರಿಕಾಣಲಿಲ್ಲ. ಆದರೆ ಮಕ್ಕಳ ಊಟದ ವಿಷಯದಲ್ಲಿ ಇಡೀ ಊರೇ ಅತ್ತೆಯ ಮಾತು ಕೇಳುವಾಗ ತಾನು ಎದುರಾಡುವುದು ಹೇಗೆ? ಅಲ್ಲದೆ ಕೂಸಿನ ತೂಕ ಬರೆದಿಡುವ ತಾಯಿ ಕಾರ್ಡು ಇತ್ತಲ್ಲ. ತಿಂಗಳಿಗೊಮ್ಮೆ ಅನ್ನದಾನಮ್ಮ ಕೂಸನ್ನು ತಾನೇ ಎತ್ತಿಕೊಂಡು, ಬೇರೆ ತಾಯಂದಿರು ಬರುವುದಕ್ಕೆ ಮುಂಚೆ ಕೇಂದ್ರಕ್ಕೆ ಹೋಗಿ ತೂಗಿಕೊಂಡು ಬರುತ್ತಿದ್ದಳು. "ಎಲ್ಲಾರ ಮುಂದ ತೂಗಿದ್ರ ದೃಷ್ಟಿ ತಾಕ್ತೈತಿ" ಎನ್ನುತ್ತಿದ್ದಳು. ಬಂದ ಮೇಲೆ ಕಾರ್ಡಿನ ಹಸಿರು ಪಟ್ಟಿಯಲ್ಲಿ ಹೊಸದೊಂದು ಚುಕ್ಕಿ ಇರುತ್ತಿತ್ತು.

ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಗಂಡಸರಿಬ್ಬರೂ ರೊಟ್ಟಿಗೆ ಕೂತಿದ್ದರು. ಅನ್ನದಾನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗೀತಾಂಜಲಿ ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಬೇಳೆ ಕಟ್ಟು ಕುಡಿಸುತ್ತಿದ್ದಳು.

"ಅತ್ತಿ, ಇವನ ತೊಡಿ ನೋಡ್ರಿ. ಚರ್ಮ ಹೆಂಗ ಜೋತು ಬಿದ್ದೈತಿ."

"ಅಂಬೆಗಾಲು ಇಡೋ ವಯಸ್ಸು. ಮೈ ಇಳಿದೇ ಇಳೀತೈತಿ."

"ಅಂಬೆಗಾಲು ಎಲ್ಲಿ ಇಡ್ತಾನ್ರಿ? ಕುಂದ್ರಿಸಿದಲ್ಲೇ ಕುಂದ್ರತಾನ."

ಶಿವಯೋಗಪ್ಪ ರೊಟ್ಟಿ ಮುರಿಯುತ್ತ ಹೇಳಿದ. "ಖರೆ ಹೇಳ್ಬೇಕಂದ್ರ ನನಗೂ ಕೂಸು ಹಗುರ ಅನ್ಸತೈತಿ. ನಿನ್ನಿ ಎತ್ಕೊಂಡ್ರ ಎತ್ಕೊಂಡಂಗ ಆಗಲಿಲ್ಲ."

ಅನ್ನದಾನಮ್ಮ ಎದ್ದಳು. ಹಿಟ್ಟಿನ ಕೈಯಲ್ಲೇ ಗೋಡೆಯ ಮೊಳೆಯಿಂದ ಕಾರ್ಡು ತೆಗೆದು ಸೊಸೆಯ ಮುಂದೆ ಹಿಡಿದಳು.

"ಇಲ್ಲಿ ನೋಡವ್ವ, ಓದಿದಾಕಿ ಅದೀಯಲ್ಲ. ಎಂಟು ಕೆಜಿ ನಾನೂರು. ಹಸಿರು ಐತೋ, ಕೆಂಪು ಐತೋ? ನಿನ್ನ ಕಣ್ಣು ಖರೆನೋ, ಮಿಷನ್ನು ಖರೆನೋ?"

ಗೀತಾಂಜಲಿ ಮತ್ತೆ ಬೇಳೆ ಕಟ್ಟು ಕುಡಿಸತೊಡಗಿದಳು. ಅವಳ ಗಂಡ ಗವಿಸಿದ್ದೇಶ್ ಅವತ್ತು ಎರಡೇ ರೊಟ್ಟಿಗೆ ಕೈ ತೊಳೆದು ಎದ್ದುಹೋದ. ಮೆಕ್ಕೆಜೋಳದ ಸುಗ್ಗಿ, ಮಂಡಿಯಲ್ಲಿ ಕೆಲಸ ಜಾಸ್ತಿ ಎಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಳು.

ಮುಂದಿನ ವಾರ ಕೂಸಿಗೆ ಭೇದಿ ಹತ್ತಿತು. ಎರಡು ದಿನ ಜೀರಿಗೆ ನೀರು, ಓಮದ ನೀರು ಆಯಿತು. ಮೂರನೇ ದಿನ ಅತ್ತೆ ಕೇಂದ್ರಕ್ಕೆ ಹೋದ ಮೇಲೆ ಗೀತಾಂಜಲಿ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹರಪನಹಳ್ಳಿ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಹತ್ತಿರವೇ ಒಬ್ಬ ಮಕ್ಕಳ ಡಾಕ್ಟರು ಕೂರುತ್ತಿದ್ದರು. ವಯಸ್ಸಾದವರು. ಕೂಸಿನ ಹೊಟ್ಟೆ ಒತ್ತಿದರು, ಪಾದ ಒತ್ತಿದರು, ರಟ್ಟೆಗೆ ಅಳತೆಯ ಪಟ್ಟಿಯೊಂದನ್ನು ಸುತ್ತಿ ನೋಡಿದರು. ಆಮೇಲೆ ಕಾರ್ಡು ನೋಡಿದರು. ಮತ್ತೆ ಕೂಸನ್ನು ನೋಡಿದರು.

"ಈ ಕಾರ್ಡು ಇವಂದೇ ಏನಮ್ಮಾ?"

"ಹೌದ್ರಿ ಡಾಕ್ಟ್ರೇ."

"ಇವನಿಗೆ ಎಂಟು ಕೆಜಿ ಇರಾಕೆ ಸಾಧ್ಯನೇ ಇಲ್ಲ. ನನ್ನ ಮಿಷನ್ ರಿಪೇರಿಗೆ ಹೋಗೈತಿ. ಎಲ್ಲಾದ್ರೂ ತೂಗಿಸ್ಕೊಂಡು ಇವತ್ತೇ ಬಂದು ನನಗೆ ಹೇಳು. ಇವತ್ತೇ, ತಿಳೀತಾ?"

ಎಲ್ಲಾದರೂ ಎಂದರೆ ಎಲ್ಲಿ? ತೂಗುವುದೇ ಕಸುಬಾದವನು ಅವಳ ಗಂಡ. ಗವಿಸಿದ್ದೇಶ್ ಮಂಡಿಯ ಒಂದು ದಲಾಲಿ ಅಂಗಡಿಯಲ್ಲಿ ತೂಕದ ಕಾಟಾ ನೋಡಿಕೊಳ್ಳುತ್ತಿದ್ದ. ದಿನಕ್ಕೆ ಮುನ್ನೂರು ಚೀಲ ತೂಗುವವನು. ಅವನ ಕೈಯ ತೂಕವೆಂದರೆ ರೈತರೂ ಒಪ್ಪುತ್ತಿದ್ದರು, ದಲಾಲರೂ ಒಪ್ಪುತ್ತಿದ್ದರು. ಒಂದು ಚೀಲ ನೂರು ಗ್ರಾಂ ಕಡಿಮೆ ಬಂದರೂ ಇಳಿಸಿ, ಕಾಟಾ ಒರೆಸಿ, ಸೊನ್ನೆಗೆ ತಂದು, ಮತ್ತೆ ಹಾಕುತ್ತಿದ್ದ. ಮೂರು ಸಲ ಒಂದೇ ಅಂಕಿ ಬಂದರೆ ಮಾತ್ರ ಕೂಗಿ ಹೇಳುತ್ತಿದ್ದ.

ಹೆಂಡತಿ ಕೂಸಿನೊಂದಿಗೆ ಬಂದು ನಿಂತಿದ್ದನ್ನು ನೋಡಿ ಅವನು ಗಾಬರಿಯಾದ.

"ಏನಾತು? ಫೋನ್ ಆದ್ರೂ ಮಾಡಬಾರ್ದಾ?"

"ಇವನ್ನ ತೂಗ್ರಿ."

"ಇಲ್ಲೇನು? ಕಾಳಿನ ಕಾಟಾದ ಮ್ಯಾಲೆ ಕೂಸು ಹಾಕಬಾರ್ದು ಗೀತಾ. ಅವ್ವ ತೂಗ್ಯಾಳಲ್ಲ."

"ಡಾಕ್ಟ್ರು ಹೇಳ್ಯಾರ. ನೀವು ತೂಗ್ತೀರೋ, ನಾ ಆ ಅಂಗಡಿಯವರಿಗೆ ಕೇಳ್ಲೋ?"

ಹಮಾಲರು ನೋಡುತ್ತಿದ್ದರು. ಅವನು ಖಾಲಿ ಚೀಲವೊಂದನ್ನು ಮಡಚಿ ಹಾಸಿ, ಅಂಕಿಯನ್ನು ಸೊನ್ನೆಗೆ ತಂದು, ಕೂಸನ್ನು ಕೂರಿಸಿದ. ಗಾದಿ ಅಳಲಿಲ್ಲ. ಜೋಳದ ದೂಳಿಗೆ ಕಣ್ಣು ಪಿಳುಕಿಸಿದ. ಕೆಂಪು ಅಂಕಿಗಳು ಅತ್ತಿತ್ತ ಓಡಾಡಿ ನಿಂತವು. ಆರು ಕೆಜಿ ಆರುನೂರು.

ಗವಿಸಿದ್ದೇಶ್ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಇನ್ನೊಮ್ಮೆ ಹಾಕ್ರಿ."

"ಯಾಕ? ಸರಿ ಐತಿ."

ಅವಳು ಅವನ ಮುಖ ನೋಡಿದಳು. ನೂರು ಗ್ರಾಂ ಜೋಳಕ್ಕೆ ಮೂರು ಸಲ ಚೀಲ ಇಳಿಸುವ ಮನುಷ್ಯ, ತನ್ನ ಮಗನ ತೂಕದಲ್ಲಿ ಎರಡು ಕೆಜಿಯ ಹತ್ತಿರ ಕಡಿಮೆ ಬಂದಿದ್ದಕ್ಕೆ ಕಾಟಾವನ್ನು ಒರೆಸಲೂ ಇಲ್ಲ.

"ನಿಮಗ ಗೊತ್ತಿತ್ತು" ಎಂದಳು.

"ಇಲ್ಲಿ ಮಂದಿ ಅದಾರ ಗೀತಾ."

"ಯಾವಾಗಿಂದ ಗೊತ್ತಿತ್ರಿ?"

"ದಸರಾಕ್ಕ ಅವ್ವ ಹೇಳಿದ್ಳು. ಬರೋ ತಿಂಗಳು ಏರ್ತೈತಿ, ಅಕಿಗೆ ಹೇಳಿ ಗಾಬರಿ ಮಾಡ್ಬ್ಯಾಡ ಅಂದ್ಳು. ಎದಿ ಹಾಲು ನಿಂತುಬಿಡ್ತಾವ ಅಂದ್ಳು."

ದಸರಾದಿಂದ ಈಚೆಗೆ ಎಷ್ಟು ಸಲ ಗೀತಾಂಜಲಿ ಅವನ ಮುಂದೆ ಕೂಸಿನ ಕೈ ಹಿಡಿದು, ಸೊರಗಿದಂಗ ಕಾಣ್ತಾನಲ್ರಿ ಎಂದು ಕೇಳಿದ್ದಳು! ಅಷ್ಟೂ ಸಲ ಅವನು ಕಾರ್ಡಿನ ಕಡೆ ಕೈ ತೋರಿಸಿದ್ದ. ಅವಳಿಗೆ ಅಲ್ಲೇ ಚೀಲಗಳ ನಡುವೆ ಕೂತು ಅಳಬೇಕೆನ್ನಿಸಿತು. ಅಳಲಿಲ್ಲ. ಡಾಕ್ಟರ ಹತ್ತಿರ ಹೋಗಿ ಅಂಕಿ ಹೇಳಿದಳು. ಅವರು ತಾಲೂಕು ಆಸ್ಪತ್ರೆಗೆ ಚೀಟಿ ಬರೆದರು. ಊಟವಿಲ್ಲದೆ ಸೊರಗಿದ ಮಕ್ಕಳನ್ನು ತಾಯಿಯ ಜೊತೆ ಹದಿನಾಲ್ಕು ದಿನ ಇಟ್ಟುಕೊಂಡು ನೋಡುವ ವಾರ್ಡು ಅಲ್ಲಿತ್ತು. ನಾಳೆ ಬೆಳಿಗ್ಗೆಯೇ ಸೇರಿಸಬೇಕು, ಇವತ್ತಿನಿಂದಲೇ ಸ್ವಲ್ಪ ಸ್ವಲ್ಪ ಗಟ್ಟಿ ಊಟ ಶುರುಮಾಡಬೇಕು ಎಂದರು.

ಗಂಡ ಹೆಂಡತಿ ಕೂಸಿನೊಂದಿಗೆ ಬೈಕಿನ ಮೇಲೆ ಊರಿಗೆ ಬಂದರು.

ಸಂಜೆ ಅನ್ನದಾನಮ್ಮ ಕೇಂದ್ರದಿಂದ ಬಂದು ಮುಖ ತೊಳೆಯುತ್ತಿದ್ದಳು. ಗೀತಾಂಜಲಿ ಪಡಸಾಲೆಯಲ್ಲಿ, ಆ ಫೋಟೋದ ಕೆಳಗೆ ಕೂತಿದ್ದಳು.

"ಅತ್ತಿ, ಗಾದಿ ಆರು ಕೆಜಿ ಆರುನೂರು ಅದಾನ."

ಅನ್ನದಾನಮ್ಮನ ಕೈಯ ಚೊಂಬು ಅಲ್ಲೇ ನಿಂತಿತು. "ಯಾರು ಹೇಳಿದ್ರು?"

"ನಿಮ್ಮ ಮಗನ ಕಾಟಾ ಹೇಳ್ತು. ಕಾರ್ಡಿನ್ಯಾಗ ಎಂಟು ನಾನೂರು ಅಂತ ಯಾರು ಬರದ್ರು?"

"ಅದು ಕಾಳಿನ ಕಾಟಾ..."

"ಅವ್ವಾ, ಸಾಕು" ಎಂದ ಗವಿಸಿದ್ದೇಶ್. "ಅಕಿಗೆ ಎಲ್ಲಾ ಗೊತ್ತಾಗೇತಿ."

ಶಿವಯೋಗಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆ ಎತ್ತಿದ. "ಏನು ಗೊತ್ತಾಗೇತಿ? ನನಗೂ ಯಾರಾದ್ರೂ ಹೇಳ್ರಿ."

ಅನ್ನದಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕಂಬಕ್ಕೆ ಒರಗಿ ಕೂತಳು. ಏಳನೇ ತಿಂಗಳು ಕೂಸು ಹಳದಿಗೆ ಬಿದ್ದಿತ್ತು. ಬರೋ ತಿಂಗಳು ಸರಿಹೋಗುತ್ತದೆ ಎಂದು ಅರ್ಧ ಕೆಜಿ ಹೆಚ್ಚು ಬರೆದಳು. ಸರಿಹೋಗಲಿಲ್ಲ. ಹಿಂದಿನ ಸುಳ್ಳಿಗೆ ಹೊಂದಿಸಲು ಮುಂದಿನ ತಿಂಗಳು ಇನ್ನಷ್ಟು ಬರೆದಳು. ಹಾಗೇ ಐದು ಚುಕ್ಕಿಗಳಾದವು.

"ಟೀಚರ್ ಮನಿ ಕೂಸೇ ಕೆಂಪಿಗೆ ಬಿತ್ತು ಅಂದ್ರ ನನ್ನ ಮಾತು ಯಾರು ಕೇಳ್ತಾರ? ಮೀಟಿಂಗಿನ್ಯಾಗ ಹೆಂಗ ತಲಿ ಎತ್ಲಿ?"

"ನಾನು ಕೇಳಿದೆನಲ್ರಿ ನಿಮ್ಮ ಮಾತು!" ಎಂದಳು ಗೀತಾಂಜಲಿ. "ಊರಾಗ ಎಲ್ಲಾರ್ಕಿಂತ ಜಾಸ್ತಿ ನಾನು ಕೇಳಿದೆ. ನನ್ನ ಕಣ್ಣು ಸುಳ್ಳು ಅಂದ್ಕೊಂಡು ನಿಮ್ಮ ಚುಕ್ಕಿ ನಂಬಿದೆ. ಅಂಗನವಾಡಿಗೆ ಬರೋ ಅಂಜಿನಕ್ಕನ ಮಗಳಿಗೆ ಗಟ್ಟಿ ಅನ್ನ, ನನ್ನ ಮಗನಿಗೆ ಬ್ಯಾಳಿ ನೀರು. ಯಾಕ್ರಿ?"

"ಲೇ ಅನ್ನದಾನಿ" ಎಂದ ಶಿವಯೋಗಪ್ಪ, "ಕೂಸು ಹಿಂಗ ಆಗೇತಿ ಅಂತ ನನಗೊಂದು ಮಾತು ಹೇಳಿದ್ರ ನಾನ ಅನ್ನ ತಿನ್ನಿಸ್ತಿದ್ನಲ್ಲ?"

"ಹೇಳಿದ್ನಲ್ಲ! ಶ್ರಾವಣದಾಗ ಹೇಳಿದೆ. ಗುಡಿ ಆಮ್ಯಾಲೆ ನೋಡೋಣು, ಮನ್ಯಾಗ ಒಂದು ತುತ್ತು ಇಡ್ರಿ ಅಂದೆ. ನೀವೇನಂದ್ರಿ? ನಮ್ಮಪ್ಪ ಹೋಗಿ ಎರಡು ತಿಂಗಳಾಗಿಲ್ಲ, ನಿನಗ ಹಬ್ಬ ಬೇಕಾಗೇತೇನು ಅಂದ್ರಿ. ಎಲಿ ಅಡಿಕಿ ಉಗುಳಿ ಎದ್ದು ಹೋದ್ರಿ."

ಶಿವಯೋಗಪ್ಪ ಸುಣ್ಣ ಹಚ್ಚಿದ ಎಲೆಯನ್ನು ಕೆಳಗಿಟ್ಟ. ಹೇಳಿದ್ದು ಅವನಿಗೇ ನೆನಪಿರಲಿಲ್ಲ, ಆದರೆ ಹೇಳಿರಬಹುದು ಎಂದು ಅವನ ಮುಖವೇ ಒಪ್ಪಿಕೊಂಡಿತು.

ಗೀತಾಂಜಲಿ ಅಡುಗೆಮನೆಗೆ ಹೋಗಿ ಬಿಸಿ ಅನ್ನಕ್ಕೆ ಬೇಳೆ ಹಾಕಿ, ಒಂದು ಚಮಚ ತುಪ್ಪ ಬಿಟ್ಟು ನುಣ್ಣಗೆ ಕಿವುಚಿದಳು. ಚಮಚ ಬಗ್ಗಿಸಿ ನೋಡಿದಳು, ಜಾರಲಿಲ್ಲ. ಬಟ್ಟಲು ತಂದು ಮಾವನ ಮುಂದೆ ಇಟ್ಟಳು.

"ಮಾವಾರ, ನೀವು ತಿನ್ನಸ್ತೀರೋ, ನಾ ತಿನ್ನಸ್ಲೋ?"

ಮುದುಕ ಬಟ್ಟಲು ನೋಡಿದ, ಕೂಸನ್ನು ನೋಡಿದ. ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ, ಕೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ. ಕೊಟ್ಟೂರಿನ ದಿಕ್ಕಿಗೆ ಒಮ್ಮೆ ಕೈ ಮುಗಿದು, ಎರಡು ಬೆರಳಲ್ಲಿ ತುತ್ತು ಎತ್ತಿ ಮೊಮ್ಮಗನ ಬಾಯಿಗಿಟ್ಟ. ಗಾದಿ ಮುಖ ಕಿವುಚಿದ, ಅರ್ಧ ಉಗಿದ, ಮಿಕ್ಕಿದ್ದನ್ನು ನುಂಗಿ ಮತ್ತೆ ಬಾಯಿ ತೆರೆದ.

ಇಷ್ಟಕ್ಕೆ ಆರು ತಿಂಗಳು ಬೇಕಾಯಿತು. ಅನ್ನದಾನಮ್ಮ ಕಂಬದ ಹತ್ತಿರವೇ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಅವಳು ಸೊಸೆಯನ್ನು ಹಿತ್ತಿಲಿಗೆ ಕರೆದಳು.

"ಗೀತಾ, ಅಲ್ಲಿ ಯಾವ ಅಂಗನವಾಡಿ ಅಂತ ಕೇಳ್ತಾರ. ಹಿರೇಹಡಗಲಿ ಅಂತ ಬರಸಿಬಿಡು. ನಿನ್ನ ತವರು, ಯಾರೂ ತಪ್ಪು ತಿಳ್ಯಾಂಗಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ."

"ನನ್ನ ಮಗನ ತೂಕಾನೂ ಸುಳ್ಳು, ಊರೂ ಸುಳ್ಳು ಏನ್ರಿ ಅತ್ತಿ? ಆಗಂಗಿಲ್ಲ."

ವಾರ್ಡಿನಲ್ಲಿ ಹದಿನಾಲ್ಕು ದಿನ. ಸೇರಿಸುವಾಗ ಗೀತಾಂಜಲಿ ಕೂಸಿನ ರಕ್ತ ಪರೀಕ್ಷೆಗೆ ಒಳಗೆ ಹೋದಳು, ಚೀಟಿ ಬರೆಸುವುದನ್ನು ಗವಿಸಿದ್ದೇಶ್ ನೋಡಿಕೊಂಡ. ಎರಡು ತಾಸಿಗೊಮ್ಮೆ ಹಾಲು, ಆಮೇಲೆ ಗಂಜಿ, ಆಮೇಲೆ ಎಣ್ಣೆ ಬೆರೆಸಿದ ಕಿಚಡಿ. ನರ್ಸಮ್ಮ ಬಟ್ಟಲಲ್ಲಿ ಉಳಿದಿದ್ದನ್ನೂ ಅಳೆದು ಬರೆಯುತ್ತಿದ್ದಳು. ದಿನಾ ಬೆಳಿಗ್ಗೆ ಕೂಸಿನ ಬಟ್ಟೆ ಬಿಚ್ಚಿ ಎಲ್ಲರ ಮುಂದೆ ತೂಗುತ್ತಿದ್ದಳು, ಅಂಕಿಯನ್ನು ತಾಯಿಯ ಬಾಯಿಂದಲೇ ಓದಿಸುತ್ತಿದ್ದಳು. ಒಂಬತ್ತನೇ ದಿನ ಗಾದಿ ಪಕ್ಕದ ಮಂಚದ ಕೂಸಿನ ಗಿಲಕಿಗೆ ಕೈ ಹಾಕಿ ಜಗಳ ತೆಗೆದ. ಗೀತಾಂಜಲಿ ಸುಮಾರು ದಿನದ ಮೇಲೆ ನಕ್ಕಳು. ಅನ್ನದಾನಮ್ಮ ಎರಡು ಸಲ ಬಂದು ಬಾಗಿಲಲ್ಲೇ ನಿಂತು ನೋಡಿ ಹೋದಳು. ಸೊಸೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಹೊರಡುವ ದಿನ ಏಳು ಕೆಜಿ ಇನ್ನೂರು. ನರ್ಸಮ್ಮ ಕೊಟ್ಟ ಕಾಗದವನ್ನು ಗೀತಾಂಜಲಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಓದಿದಳು. ತಾಯಿಯ ಹೆಸರು, ಕೂಸಿನ ಹೆಸರು, ಬಂದಾಗಿನ ತೂಕ. ಅಂಗನವಾಡಿ ಎಂಬಲ್ಲಿ ಹಿರೇಹಡಗಲಿ ಎಂದು ಬರೆದಿತ್ತು.

ಗವಿಸಿದ್ದೇಶ್ ಚಹಾ ತರುತ್ತಿದ್ದ. ಅವಳು ಕಾಗದ ತೋರಿಸಿದಳು.

"ಅವ್ವ ಅವತ್ತು ಊಟಾನೇ ಬಿಟ್ಟಿದ್ಳು ಗೀತಾ" ಎಂದ. "ಕೂಸು ಹೆಂಗಿದ್ರೂ ಸುಧಾರಸ್ತು. ಇನ್ನ ಯಾಕ ಅದು?"

"ಇದು ಎರಡನೇ ಸಲ ರೀ" ಎಂದಳು. ಚಹಾ ಮುಟ್ಟಲಿಲ್ಲ.

ಜನವರಿಯ ತೂಕದ ದಿನ ಅನ್ನದಾನಮ್ಮ ಎಂದಿನಂತೆ ಬೇಗ ಎದ್ದು ಸ್ನಾನ ಮಾಡಿದಳು. "ಕೂಸು ಕೊಡು, ಖರೇದ ಬರಕೊಂಡು ಬರ್ತೀನಿ" ಎಂದಳು. ಗೀತಾಂಜಲಿ ಕೊಡಲಿಲ್ಲ. ಹತ್ತು ಗಂಟೆಗೆ, ಅಂಗನವಾಡಿಯ ತುಂಬ ತಾಯಂದಿರು ಸೇರಿದ ಮೇಲೆ, ಗಾದಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಸಾಲಿನಲ್ಲಿ ನಿಂತಳು. ಅವಳ ಮುಂದೆ ಅಂಜಿನಕ್ಕ ಇದ್ದಳು, ಗೋಡೆ ಕಟ್ಟುವ ಕೆಲಸಕ್ಕೆ ಹೋಗುವವಳು, ಮಗಳು ಗಾದಿಗಿಂತ ಒಂದು ತಿಂಗಳು ಚಿಕ್ಕವಳು. ಅನ್ನದಾನಮ್ಮ ಆ ಮಗುವನ್ನು ತೂಗಿ, "ಎಂಟು ಇನ್ನೂರು, ಹಸಿರು" ಎಂದು ಬರೆದುಕೊಂಡಳು. ಅಂಜಿನಕ್ಕ ಪಕ್ಕಕ್ಕೆ ಸರಿದು ಮಗಳಿಗೆ ಅಂಗಿ ತೊಡಿಸುತ್ತ ನಿಂತಳು.

ಗೀತಾಂಜಲಿ ಮಗನ ಬಟ್ಟೆ ಬಿಚ್ಚಿ ತೂಕದ ತಟ್ಟೆಯಲ್ಲಿ ಕೂರಿಸಿದಳು.

"ಗಟ್ಟಿ ಹೇಳ್ರಿ ಅತ್ತಿ."

ಅನ್ನದಾನಮ್ಮ ಸೊಸೆಯ ಮುಖ ನೋಡಿದಳು. ಅಲ್ಲಿ ಸಿಟ್ಟು ಕಾಣಲಿಲ್ಲ, ಬಿಡುವ ಲಕ್ಷಣವೂ ಕಾಣಲಿಲ್ಲ.

"ಏಳು... ಏಳು ಕೆಜಿ ನಾನೂರು."

ಅಂಜಿನಕ್ಕ ತಿರುಗಿದಳು. "ಏನ್ರಿ ಟೀಚರ್? ಹ್ವಾದ ತಿಂಗಳು ಎಂಟು ನಾನೂರು ಅಂತ ನೀವ ಹೇಳಿದ್ರಲ್ಲ. ನಮ್ಮ ಗಾದಿನ್ನ ನೋಡಿ ಕಲೀರಿ ಅಂದ್ರಿ."

"ಹ್ವಾದ ತಿಂಗಳು ಆರು ಆರುನೂರು ಇದ್ದ" ಎಂದಳು ಗೀತಾಂಜಲಿ. ಆಸ್ಪತ್ರೆಯ ಕಾಗದವನ್ನು ಮೇಜಿನ ಮೇಲೆ ಇಟ್ಟಳು. "ಕೆಂಪಿನ್ಯಾಗ ಇದ್ದ. ಆಸ್ಪತ್ರ್ಯಾಗ ಹದಿನಾಕು ದಿನ ಇದ್ವಿ. ಇದರಾಗ ಹಿರೇಹಡಗಲಿ ಅಂತ ಬರದೈತಿ, ಅದೂ ಸುಳ್ಳು. ಈ ಅಂಗನವಾಡಿ ಕೂಸು ಇದು. ತಿದ್ದಿ ಬರ್ಕೊಳ್ರಿ ಅತ್ತಿ."

ಅನ್ನದಾನಮ್ಮ ಪುಸ್ತಕ ತೆರೆದಳು. ಡಿಸೆಂಬರ್ ಎಂಟು ನಾನೂರಕ್ಕೆ ಗೆರೆ ಎಳೆದಳು, ಪಕ್ಕದಲ್ಲಿ ಆರು ಆರುನೂರು ಎಂದು ಬರೆದಳು, ಕೆಳಗೆ ಸಹಿ ಹಾಕಿದಳು. ತಲೆ ಎತ್ತಿದಾಗ ಅಂಜಿನಕ್ಕ ಮಗಳ ಅಂಗಿಯನ್ನು ಮತ್ತೆ ಬಿಚ್ಚುತ್ತಿದ್ದಳು.

"ನಂದೂ ಇನ್ನೊಮ್ಮೆ ತೂಗ್ರಿ."

"ಈಗ ತೂಗಿದೆನಲ್ಲ ಅಂಜಿನಿ."

"ನನಗ ಓದಾಕ ಬರಲ್ಲ. ಗೀತಾಂಜಲಿ ಓದ್ಲಿ."

"ನಿಮ್ಮ ಮಕ್ಕಳದು ಎಲ್ಲಾ ಖರೆ ಬರದೀನವ್ವಾ" ಎಂದಳು ಅನ್ನದಾನಮ್ಮ. "ಹತ್ತೊಂಬತ್ತು ವರ್ಷ ಒಂದು ಗ್ರಾಂ ಹೆಚ್ಚು ಕಡಿಮಿ ಬರದಿಲ್ಲ. ಇದೊಂದ, ನಮ್ಮ ಮನೀದು ಒಂದ ಸುಳ್ಳು. ಗೀತಾ, ನೀನಾದ್ರೂ ಹೇಳು!"

ಅದು ನಿಜವೇ ಇರಬೇಕು. ಆದರೆ ಗೀತಾಂಜಲಿಗೆ ಹೌದು ಎನ್ನಲು ಬಾಯಿ ಬರಲಿಲ್ಲ. ತನಗೆ ಏನು ಗೊತ್ತು? ಅಂಜಿನಕ್ಕನ ಮಗಳನ್ನು ತಟ್ಟೆಯಲ್ಲಿ ಕೂರಿಸಿ, ಅಂಕಿ ನಿಲ್ಲುವ ತನಕ ಕಾದು ಓದಿದಳು.

"ಎಂಟು ಇನ್ನೂರು."

ಟೀಚರು ಹೇಳಿದ್ದಷ್ಟೇ ಇತ್ತು. ಅಂಜಿನಕ್ಕ ಮಗಳನ್ನು ಎತ್ತಿಕೊಂಡು ಪಕ್ಕಕ್ಕೆ ನಿಂತಳು. ಅಷ್ಟು ಕೇಳಿದ ಮೇಲೂ ಸಾಲು ಬಿಟ್ಟು ಯಾರೂ ಕದಲಲಿಲ್ಲ. ಆಗಲೇ ತೂಗಿಸಿಕೊಂಡು ಬಾಗಿಲ ಹತ್ತಿರ ಹೋಗಿದ್ದವರು ತಿರುಗಿ ಬಂದು ಸಾಲಿನ ಕೊನೆಯಲ್ಲಿ ನಿಂತರು, ತಮ್ಮ ತಮ್ಮ ಕಾರ್ಡು ಕೈಯಲ್ಲಿ ಹಿಡಿದುಕೊಂಡು. ಅನ್ನದಾನಮ್ಮ ಪೆನ್ನು ಮೇಜಿನ ಮೇಲೆ ಇಟ್ಟಳು. ಗೀತಾಂಜಲಿ ಮುಂದಿನ ಕೂಸನ್ನು ತೆಗೆದುಕೊಂಡಳು.